ರಟ್ಟು ಕತ್ತರಿಸುವ ಚಕ್ರ

(ಸಂಘದ ವಾರ್ಷಿಕೋತ್ಸವದ ಅಂಗವಾಗಿ ನಡೆದ ವೃತ್ತಿ ಮಾರ್ಗದರ್ಶನ ಶಿಬಿರದಲ್ಲಿ ಮಾಡಿದ ಭಾಷಣದ ಬರಹರೂಪ)



ಇಂಥ ವೇದಿಕೆಯಿಂದ ಸಾಮಾನ್ಯವಾಗಿ ನೀವು ಕೇಳುವುದು ಡಾಕ್ಟರಾಗುವುದು ಹೇಗೆ, ಇಂಜಿನಿಯರಾಗುವುದು ಹೇಗೆ, ಐಎಎಸ್ ಪರೀಕ್ಷೆ ಬರೆಯುವುದು ಹೇಗೆ ಎಂಬ ಮಾತುಗಳನ್ನು. ಆ ಮಾತುಗಳೂ ಬೇಕು. ಆದರೆ ಈ ಸಭಾಂಗಣದಲ್ಲಿ ಕುಳಿತಿರುವ ಎಲ್ಲರೂ ಅಲ್ಲಿಗೇ ಹೋಗುವುದಿಲ್ಲ ಎಂಬುದು ನಿಮಗೂ ಗೊತ್ತು, ನಿಮ್ಮ ಶಿಕ್ಷಕರಿಗೂ ಗೊತ್ತು. ಎಸ್ಸೆಸ್ಸೆಲ್ಸಿ ಮುಗಿಸಿ, ಕೆಲವೊಮ್ಮೆ ಮುಗಿಸದೆಯೂ, ಎಷ್ಟೋ ಹುಡುಗರು ಮುದ್ರಣಾಲಯಕ್ಕೆ, ನೋಟುಪುಸ್ತಕದ ಕಾರ್ಖಾನೆಗೆ, ರಟ್ಟಿನ ಪೆಟ್ಟಿಗೆ ಮಾಡುವ ಶೆಡ್ಡಿಗೆ ಹೆಲ್ಪರ್ ಆಗಿ ಸೇರುತ್ತಾರೆ. ಅವರಿಗೆ ಅಲ್ಲಿ ಕಾಯುತ್ತಿರುವ ಒಂದು ವಸ್ತುವಿನ ಬಗ್ಗೆ ನಾನಿಂದು ಮಾತನಾಡುತ್ತೇನೆ. ಅದು ಒಂದು ಬ್ಲೇಡು. ದುಂಡಗಿನ ಬ್ಲೇಡು. ರೊಟ್ಟಿಯಷ್ಟು ಅಗಲ, ರೊಟ್ಟಿಗಿಂತ ತೆಳು. ನನ್ನ ಮೂವತ್ತು ವರ್ಷದ ಅನ್ನ ಅದರಿಂದಲೇ ಬಂದಿದೆ. ಮೊದಲು ಅದನ್ನು ಓಡಿಸುವವನಾಗಿ, ಆಮೇಲೆ ಅದಕ್ಕೆ ಸಾಣೆ ಹಿಡಿಯುವವನಾಗಿ.

ನಿಮ್ಮ ಕೈಯಲ್ಲಿರುವ ನೋಟುಪುಸ್ತಕದ ಅಂಚನ್ನು ಬೆರಳಿನಿಂದ ಸವರಿ ನೋಡಿ. ನುಣ್ಣಗಿದ್ದರೆ ಯಾರೋ ಒಬ್ಬ ಕೆಲಸಗಾರ ತನ್ನ ಯಂತ್ರವನ್ನು ಸರಿಯಾಗಿ ಹೊಂದಿಸಿದ್ದಾನೆ ಎಂದರ್ಥ. ಬೆರಳಿಗೆ ಬಿಳಿ ಹುಡಿ ಹತ್ತಿದರೆ, ನೂಲೆಳೆಯಂಥ ನಾರು ಎದ್ದಿದ್ದರೆ, ಹೊಂದಿಸಿಲ್ಲ. ಮನೆಗೆ ಬಂದ ಯಾವುದಾದರೂ ರಟ್ಟಿನ ಪೆಟ್ಟಿಗೆಯ ಅಂಚನ್ನೂ ಹೀಗೆಯೇ ನೋಡಬಹುದು. ಒಳಗಿನ ಅಲೆಯಾಕಾರದ ಕಾಗದ, ನಾವು ಫ್ಲೂಟ್ ಎನ್ನುವುದು, ಕತ್ತರಿಸಿದ ಜಾಗದಲ್ಲಿ ಅಲೆಯಾಗಿಯೇ ನಿಂತಿದೆಯೇ ಅಥವಾ ತುಳಿದ ಹುಲ್ಲಿನಂತೆ ಚಪ್ಪಟೆಯಾಗಿದೆಯೇ? ಇಷ್ಟು ನೋಡಿದರೆ ಆ ಕಾರ್ಖಾನೆಯನ್ನೇ ನೋಡಿದ ಹಾಗೆ.

ಬ್ಲೇಡು ದುಂಡಗೆ ಏಕೆ ಎಂಬ ಪ್ರಶ್ನೆಯಿಂದ ಶುರು ಮಾಡೋಣ. ಹಿಂದೆ ಕಾಗದವನ್ನು ಹಾಳೆ ಹಾಳೆಯಾಗಿ ಕೈಯಿಂದಲೇ ಎತ್ತುತ್ತಿದ್ದರು. ದೌಲತಾಬಾದಿನ ಹತ್ತಿರದ ಕಾಗಝೀಪುರದಲ್ಲಿ, ಜೈಪುರದ ಹತ್ತಿರದ ಸಾಂಗಾನೇರದಲ್ಲಿ ಕಾಗಝಿ ಮನೆತನದವರು ತಲೆತಲಾಂತರದಿಂದ ಮಾಡುತ್ತ ಬಂದಿರುವುದು ಅದನ್ನೇ. ಹಾಳೆಗೆ ನೇರ ಅಲಗು ಸಾಕು. ಅಟ್ಟಿ ಕಟ್ಟಿ, ಒತ್ತಿ ಹಿಡಿದು, ಮೇಲಿನಿಂದ ಅಲಗನ್ನು ಇಳಿಸಿದರೆ ಆಯಿತು. ಮುದ್ರಣಾಲಯಗಳಲ್ಲಿ ನೀವು ನೋಡುವ ಕಟಿಂಗ್ ಮೆಷಿನ್ನಿನ ಮೂಲರೂಪಕ್ಕೆ ಫ್ರಾನ್ಸಿನ ಗಿಯೋಮ್ ಮಾಸಿಕೋ 1844ರಲ್ಲಿ ಪೇಟೆಂಟ್ ಪಡೆದ. ಆದರೆ ಅದಕ್ಕೂ ಮುಂಚೆಯೇ, 1799ರಲ್ಲಿ, ಅದೇ ಫ್ರಾನ್ಸಿನ ನಿಕೋಲಾ ಲೂಯಿ ರೋಬೇರ್ ಎಂಬಾತ ಕಾಗದವನ್ನು ಕೊನೆಯಿಲ್ಲದ ಪಟ್ಟಿಯಾಗಿ ತಯಾರಿಸುವ ಯಂತ್ರಕ್ಕೆ ಪೇಟೆಂಟ್ ಪಡೆದಿದ್ದ. ಕಾಗದ ಹಾಳೆಯಿಂದ ರೀಲಿಗೆ ಬಂದ ಮೇಲೆ ನೇರ ಅಲಗಿನ ಆಟ ಸಾಲದಾಯಿತು. ಇಳಿ, ಕತ್ತರಿಸು, ಏರು, ನಿಲ್ಲು ಎನ್ನುವ ಅಲಗು ಓಡುತ್ತಿರುವ ಕಾಗದವನ್ನು ಉದ್ದಕ್ಕೆ ಸೀಳುವುದು ಹೇಗೆ? ಓಡುವುದನ್ನು ಸೀಳಲು ತಾನೂ ಓಡುವ ಅಲಗು ಬೇಕು. ನಿಂತಲ್ಲೇ ಓಡುವ ಆಕಾರ ಒಂದೇ, ಅದು ವೃತ್ತ.

ಇವತ್ತು ದೊಡ್ಡ ಕಾಗದದ ಗಿರಣಿಯಲ್ಲಿ ಅಗಲವಾದ ತಾಯಿ ರೀಲನ್ನು ಬಿಚ್ಚಿ, ಗಿರಾಕಿ ಕೇಳಿದ ಅಗಲಕ್ಕೆ ಸೀಳಿ, ಮತ್ತೆ ಸುತ್ತುವ ಯಂತ್ರಕ್ಕೆ ವೈಂಡರ್ ಎನ್ನುತ್ತಾರೆ. ವೇಗದ ವೈಂಡರ್‌ಗಳಲ್ಲಿ ಕಾಗದ ನಿಮಿಷಕ್ಕೆ 2,000 ಮೀಟರಿಗೂ ಮೀರಿ ಓಡುತ್ತದೆ. ಗಂಟೆಯ ಲೆಕ್ಕಕ್ಕೆ ತಂದರೆ 120 ಕಿಲೋಮೀಟರ್. ಹೆದ್ದಾರಿಯಲ್ಲಿ ಕಾರು ಓಡುವ ವೇಗದಲ್ಲಿ ಒಂದು ಕಾಗದ ಓಡುತ್ತಿದೆ, ಅದರ ನಡುವೆ ಒಂದು ಕೂದಲೂ ಏಳದಂತೆ ಸೀಳಬೇಕು. ನಮ್ಮಲ್ಲಿ ದಾಂಡೇಲಿಯ ವೆಸ್ಟ್ ಕೋಸ್ಟ್ ಕಾಗದದ ಗಿರಣಿ ಇದೆ. ಭದ್ರಾವತಿಯಲ್ಲಿ 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದದ ಕಾರ್ಖಾನೆ 2015ರಲ್ಲಿ ಉತ್ಪಾದನೆ ನಿಲ್ಲಿಸಿತು. ನಿಮ್ಮ ತಂದೆಯವರ ಕಾಲದ ಶಾಲಾಪುಸ್ತಕಗಳ ಕಾಗದ ಅಲ್ಲಿಂದ ಬಂದಿರಬಹುದು.

ಸೀಳುವ ವಿಧಾನಗಳು ಮೂರು. ಬಿಗಿಯಾಗಿ ಎಳೆದ ತೆಳು ಪ್ಲಾಸ್ಟಿಕ್ಕಿಗೆ ಗಡ್ಡ ಹೆರೆಯುವ ಬ್ಲೇಡಿನಂಥದ್ದೇ ಸಾಕು. ಗಟ್ಟಿ ರೋಲರಿನ ಮೇಲೆ ದುಂಡು ಬ್ಲೇಡನ್ನು ಒತ್ತಿ ಜಜ್ಜಿ ಕತ್ತರಿಸುವುದು ಇನ್ನೊಂದು. ಇವೆರಡನ್ನೂ ಬಿಟ್ಟುಬಿಡೋಣ. ಕಾಗದಕ್ಕೆ ಮುಖ್ಯವಾದದ್ದು ಮೂರನೆಯದು, ಕತ್ತರಿ ವಿಧಾನ. ಮೇಲೊಂದು ಚಕ್ರ, ಕೆಳಗೊಂದು ಚಕ್ರ. ಎರಡರ ಅಂಚೂ ಪಕ್ಕಕ್ಕೆ ಪಕ್ಕ ತಗುಲಿಕೊಂಡು ತಿರುಗುತ್ತವೆ. ದರ್ಜಿಯ ಕತ್ತರಿಯನ್ನೇ ನೆನೆಸಿಕೊಳ್ಳಿ. ಕತ್ತರಿಯ ಎರಡು ಅಲಗುಗಳನ್ನು ಬೇರೆ ಬೇರೆಯಾಗಿ ಎಷ್ಟೇ ಹರಿತ ಮಾಡಿದರೂ ನಡುವಿನ ತಿರುಪು ಸಡಿಲವಾದರೆ ಬಟ್ಟೆ ಮಡಚಿಕೊಂಡು ಒಳಗೆ ಸಿಕ್ಕಿಬೀಳುತ್ತದೆ. ತಿರುಪು ಸರಿಯಿದ್ದರೆ ಅಷ್ಟೇನೂ ಹರಿತವಿಲ್ಲದ ಕತ್ತರಿಯೂ ಚೆನ್ನಾಗಿ ಕತ್ತರಿಸುತ್ತದೆ. ಅಲಗು ಹರಿತವಾಗಿದ್ದರೆ ಸಾಕು ಎಂದು ನೂರಕ್ಕೆ ತೊಂಬತ್ತು ಜನ ತಿಳಿದಿರುವುದನ್ನು ನಾನು ಕಂಡಿದ್ದೇನೆ. ಕತ್ತರಿಸುವುದು ಅಲಗಲ್ಲ, ಎರಡು ಅಲಗುಗಳ ನಡುವಿನ ಸಂಬಂಧ. ಆ ಸಂಬಂಧವನ್ನು ಅಳೆಯಬಹುದು. ಅಳೆಯಲು ಬೇಕಾದ ಗಣಿತ ನಿಮ್ಮ ಹತ್ತನೇ ತರಗತಿಯ ಪುಸ್ತಕದಲ್ಲೇ ಇದೆ.

ಏನನ್ನು ಅಳೆಯಬೇಕು? ಮೊದಲನೆಯದು ಮೇಲಿನ ಬ್ಲೇಡು ಕೆಳಗಿನದನ್ನು ದಾಟಿ ಎಷ್ಟು ಇಳಿದಿದೆ ಎಂಬುದು. ಇದಕ್ಕೆ ಶಾಪಿನಲ್ಲಿ ಓವರ್‌ಲ್ಯಾಪ್ ಎನ್ನುತ್ತೇವೆ. ಕಾಗದಕ್ಕೆ ಸಾಮಾನ್ಯವಾಗಿ ಅರ್ಧ ಮಿಲಿಮೀಟರಿನಿಂದ ಒಂದು ಮಿಲಿಮೀಟರ್ ಸಾಕು. ಆದರೆ ಕತ್ತರಿಸುವುದು ಒರಟಾದ ಕೂಡಲೇ ನಮ್ಮ ಆಪರೇಟರ್ ಮಾಡುವುದೇನು? ಬ್ಲೇಡನ್ನು ಇನ್ನಷ್ಟು ಇಳಿಸುತ್ತಾನೆ. ಎರಡು ಮಿಲಿಮೀಟರ್, ಆಮೇಲೆ ಮೂರು, ನಾಲ್ಕು. ಕಾಗದ ಹೇಗೋ ಸೀಳುತ್ತದೆ, ಅವನು ನಿಟ್ಟುಸಿರು ಬಿಡುತ್ತಾನೆ. ಒಳಗೆ ಏನಾಯಿತು ಎಂದು ಲೆಕ್ಕ ಹಾಕಿ ನೋಡೋಣ.

ಎರಡೂ ಬ್ಲೇಡುಗಳ ವ್ಯಾಸ 300 ಮಿ.ಮೀ. ಇರಲಿ, ಅಂದರೆ ತ್ರಿಜ್ಯ 150. ಎರಡು ವೃತ್ತಗಳು ಒಂದರ ಮೇಲೊಂದು ಬಿದ್ದಾಗ ನಡುವೆ ಮೀನಿನ ಆಕಾರದ ಸಣ್ಣ ಭಾಗ ಉಂಟಾಗುತ್ತದೆ. ಆ ಮೀನಿನ ಉದ್ದ ಎಂದರೆ ಎರಡೂ ವೃತ್ತಗಳಿಗೆ ಸೇರಿದ ಜ್ಯಾ. ಓವರ್‌ಲ್ಯಾಪ್ ಒಂದು ಮಿ.ಮೀ. ಇದ್ದರೆ ಪ್ರತಿ ವೃತ್ತದ ಪಾಲಿಗೆ ಅರ್ಧ ಮಿ.ಮೀ. ಪೈಥಾಗೊರಸನ ಪ್ರಮೇಯ ಹಾಕಿದರೆ ಜ್ಯಾದ ಉದ್ದ ಸುಮಾರು 24.5 ಮಿ.ಮೀ. ಬರುತ್ತದೆ. ಓವರ್‌ಲ್ಯಾಪನ್ನು ನಾಲ್ಕು ಮಿ.ಮೀ. ಮಾಡಿದರೆ ಜ್ಯಾ ಸುಮಾರು 48.8 ಮಿ.ಮೀ. ಆಗುತ್ತದೆ. ಕಾಗದ ಕತ್ತರಿಯಾಗುವುದು ಬ್ಲೇಡುಗಳು ಮೊದಲು ಕೂಡುವ ಒಂದೇ ಬಿಂದುವಿನಲ್ಲಿ. ಅಲ್ಲಿಂದ ಆಚೆ ಇರುವ ಉದ್ದವೆಲ್ಲ ಬರೀ ಉಜ್ಜಾಟ. ಉಕ್ಕಿಗೆ ಉಕ್ಕು ಉಜ್ಜುತ್ತದೆ, ಸೀಳಿದ ಕಾಗದದ ಅಂಚು ಬ್ಲೇಡಿನ ಕೆನ್ನೆಗೆ ಉಜ್ಜುತ್ತದೆ, ಹುಡಿ ಏಳುತ್ತದೆ. ಅಂದರೆ ಮೊಂಡಾದ ಬ್ಲೇಡನ್ನು ಇಳಿಸಿ ಇಳಿಸಿ ಓಡಿಸಿದವನು ಅದನ್ನು ಮತ್ತಷ್ಟು ಬೇಗ ಮೊಂಡು ಮಾಡುತ್ತಾನೆ. ಮನೆಗೆ ಹೋಗಿ ಕಂಪಾಸಿನಲ್ಲಿ ಎರಡು ವೃತ್ತ ಎಳೆದು ನೋಡಿ, ಕಣ್ಣಿಗೇ ಕಾಣುತ್ತದೆ.

ಎರಡನೆಯದು ಓರೆ. ಮೇಲಿನ ಬ್ಲೇಡನ್ನು ಕೆಳಗಿನದಕ್ಕೆ ಪೂರ್ತಿ ಸಮಾನಾಂತರವಾಗಿ ನಿಲ್ಲಿಸುವುದಿಲ್ಲ. ಕಾಗದ ಬರುವ ಕಡೆ ಮಾತ್ರ ಮುಟ್ಟಿ, ಹೋಗುವ ಕಡೆ ಬಿಡುವಾಗುವಂತೆ ತುಸು ಓರೆ ಕೊಡುತ್ತಾರೆ. ತುಸು ಎಂದರೆ ಒಂದು ಡಿಗ್ರಿಯ ಅರ್ಧ ಅಥವಾ ಅದಕ್ಕೂ ಕಡಿಮೆ. ಬರಿಗಣ್ಣಿಗೆ ಕಾಣುವಷ್ಟು ಓರೆಯಾದರೆ ಅದು ಈಗಾಗಲೇ ಹೆಚ್ಚಾಯಿತು. ಓರೆ ತಿರುಗುಮುರುಗಾದರೆ, ಅಂದರೆ ಬಿಡುವು ಕಾಗದ ಬರುವ ಕಡೆಗೆ ಬಿದ್ದರೆ, ಹೊಸ ಬ್ಲೇಡೂ ಕಾಗದವನ್ನು ಕತ್ತರಿಸದೆ ಹರಿಯುತ್ತದೆ. ಆಗ ಬ್ಲೇಡು ಕಳಪೆ ಎಂದು ಮಾರಿದವನ ಮೇಲೆ ಜಗಳ. ನನ್ನ ಅಂಗಡಿಗೆ ಹೀಗೆ ಬಂದ ಎಷ್ಟೋ ಬ್ಲೇಡುಗಳನ್ನು ಸಾಣೆ ಹಿಡಿಯದೆಯೇ ವಾಪಸ್ ಕಳಿಸಿದ್ದೇನೆ.

ಮೂರನೆಯದು ವೇಗ. ಕೆಳಗಿನ ಬ್ಲೇಡನ್ನು ಮೋಟಾರು ತಿರುಗಿಸುತ್ತದೆ. ಅದರ ಅಂಚು ಕಾಗದಕ್ಕಿಂತ ನೂರಕ್ಕೆ ಮೂರರಿಂದ ಐದರಷ್ಟು ಹೆಚ್ಚು ವೇಗದಲ್ಲಿರಬೇಕು ಎಂಬುದು ರೂಢಿಯ ಲೆಕ್ಕ. ಹಾಗಿದ್ದರೆ ಮಾತ್ರ ಅಂಚು ಕಾಗದವನ್ನು ಒಳಗೆಳೆದು ಕತ್ತರಿಸುತ್ತದೆ, ಕಾಗದವೇ ಅಂಚನ್ನು ನೂಕುವುದಿಲ್ಲ. ಈಗ ಸಾಣೆಯ ಲೆಕ್ಕ ಸೇರಿಸಿ. 300 ಮಿ.ಮೀ. ಬ್ಲೇಡು ಸಾಣೆಗೆ ಹೋಗಿ ಹೋಗಿ 285ಕ್ಕೆ ಇಳಿಯಿತು ಎನ್ನಿ. ವ್ಯಾಸ ಶೇಕಡಾ 5 ಕಡಿಮೆಯಾಯಿತು, ಪರಿಧಿಯೂ ಅಷ್ಟೇ ಕಡಿಮೆಯಾಯಿತು, ಶಾಫ್ಟಿನ ಸುತ್ತು ಮಾತ್ರ ಹಾಗೆಯೇ ಇದೆ. ಶೇಕಡಾ 5ರ ಹೆಚ್ಚುವರಿ ವೇಗ ಪೂರ್ತಿ ಹೊರಟುಹೋಯಿತು. ಬ್ಲೇಡು ಕನ್ನಡಿಯಂತೆ ಹೊಳೆಯುತ್ತಿದೆ, ಹರಿತವಾಗಿದೆ, ಆದರೂ ಅಂಚು ಒರಟು. ಇಂಥ ಕಡೆ ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡವರಿದ್ದಾರೆ. ಎರಡು ನಿಮಿಷ ಕ್ಯಾಲಿಪರ್ ಹಿಡಿದಿದ್ದರೆ ಸಾಕಾಗಿತ್ತು. ಒಂದೇ ಶಾಫ್ಟಿನ ಮೇಲಿರುವ ಬ್ಲೇಡುಗಳನ್ನು ಯಾವಾಗಲೂ ಒಟ್ಟಿಗೇ ಸಾಣೆಗೆ ಕೊಡಬೇಕು ಎಂದು ಹಳಬರು ಹೇಳುವುದೂ ಇದಕ್ಕೇ. ಒಂದು ದೊಡ್ಡದು ಒಂದು ಚಿಕ್ಕದಾದರೆ ಓವರ್‌ಲ್ಯಾಪೂ ಬೇರೆ, ವೇಗವೂ ಬೇರೆ.

ಇನ್ನು ಬ್ಲೇಡು ಯಾವುದರಿಂದ ಮಾಡಿದ್ದು? ಕಾಗದ ಮೆತ್ತಗಿನ ವಸ್ತು, ಅದು ಉಕ್ಕನ್ನು ಹೇಗೆ ಸವೆಸುತ್ತದೆ ಎಂದು ನೀವು ಕೇಳಬಹುದು. ಕಾಗದ ಬರೀ ನಾರಲ್ಲ. ಬಿಳುಪು ಬರಲೆಂದು, ಮೇಲ್ಮೈ ನುಣುಪಾಗಲೆಂದು ಅದರಲ್ಲಿ ಸುಣ್ಣದ ಪುಡಿ, ಚೀನೀ ಜೇಡಿ ಬೆರೆಸಿರುತ್ತಾರೆ. ರದ್ದಿಯಿಂದ ಮಾಡಿದ ಕಂದು ಕ್ರಾಫ್ಟ್ ಕಾಗದವಾದರೆ ಕೇಳುವುದೇ ಬೇಡ, ಮರಳಿನ ಕಣ, ಸ್ಟೇಪಲ್ ಪಿನ್ನಿನ ಚೂರು ಎಲ್ಲ ಇರುತ್ತದೆ. ಮೆತ್ತಗಿನ ಸಾಣೆಕಲ್ಲಿನ ಮೇಲೆ ದಿನಕ್ಕೆ ನೂರಾರು ಕಿಲೋಮೀಟರ್ ಅಂಚನ್ನು ಓಡಿಸಿದ ಹಾಗೆ. ಆದ್ದರಿಂದ ಸಾಮಾನ್ಯ ಕಬ್ಬಿಣ ನಿಲ್ಲುವುದಿಲ್ಲ. ಶೇಕಡಾ 12ರಷ್ಟು ಕ್ರೋಮಿಯಂ ಇರುವ ಡಿ2 ಎಂಬ ಟೂಲ್ ಸ್ಟೀಲ್, ಹೈಸ್ಪೀಡ್ ಸ್ಟೀಲ್, ಅದಕ್ಕಿಂತ ಮೇಲೆ ಟಂಗ್‌ಸ್ಟನ್ ಕಾರ್ಬೈಡ್.

ಈ ಕಾರ್ಬೈಡಿನ ಕತೆ ಸ್ವಲ್ಪ ಹೇಳಲೇಬೇಕು, ಏಕೆಂದರೆ ಅದರ ಒಂದು ತುದಿ ಬೆಂಗಳೂರಿನಲ್ಲಿದೆ. ವಿದ್ಯುತ್ ಬಲ್ಬಿನ ತಂತಿ ಟಂಗ್‌ಸ್ಟನ್ನಿನದು ಎಂದು ನೀವು ಓದಿದ್ದೀರಿ. ಆ ತಂತಿಯನ್ನು ಎಳೆಯಲು ವಜ್ರದ ಅಚ್ಚು ಬೇಕಾಗುತ್ತಿತ್ತು, ಅದು ದುಬಾರಿ. ಅದಕ್ಕೆ ಬದಲಿ ಹುಡುಕುತ್ತ ಜರ್ಮನಿಯ ಓಸ್ರಾಮ್ ಬಲ್ಬಿನ ಕಂಪನಿಯಲ್ಲಿದ್ದ ಕಾರ್ಲ್ ಶ್ರೋಟರ್ 1923ರಲ್ಲಿ ಒಂದು ದಾರಿ ಕಂಡುಕೊಂಡ. ಟಂಗ್‌ಸ್ಟನ್ ಕಾರ್ಬೈಡಿನ ಪುಡಿಗೆ ಕೋಬಾಲ್ಟ್ ಪುಡಿ ಬೆರೆಸಿ, ಅಚ್ಚಿನಲ್ಲಿ ಒತ್ತಿ, ಸುಮಾರು 1,400 ಡಿಗ್ರಿ ಶಾಖದಲ್ಲಿ ಸುಡುವುದು. ಕಾರ್ಬೈಡ್ ಕರಗುವುದಿಲ್ಲ, ಕೋಬಾಲ್ಟ್ ಕರಗಿ ಗಾರೆಯಂತೆ ಕಣಗಳನ್ನು ಹಿಡಿದುಕೊಳ್ಳುತ್ತದೆ. ಕುಂಬಾರನ ಕೆಲಸವೇ, ಮಣ್ಣು ಮಾತ್ರ ಬೇರೆ. ಎಸ್ಸೆನ್ ನಗರದ ಕ್ರುಪ್ ಕಂಪನಿ ಅದನ್ನು ಮಾರುಕಟ್ಟೆಗೆ ತಂದಾಗ ವಿಡಿಯಾ ಎಂದು ಹೆಸರಿಟ್ಟಿತು. ಜರ್ಮನ್ ಭಾಷೆಯಲ್ಲಿ ವೀ ಡಿಯಾಮಾಂಟ್ ಎಂದರೆ ವಜ್ರದಂತೆ. ಗೋಡೆಗೆ ತೂತು ಕೊರೆಯುವ ನಮ್ಮ ಎಲೆಕ್ಟ್ರಿಷಿಯನ್ ಹುಡುಗ ‘ವಿಡಿಯಾ ಬಿಟ್ ಕೊಡಿ ಭಾಯ್’ ಎಂದು ಅಂಗಡಿಯಲ್ಲಿ ಕೇಳುವುದು ಇದೇ ಹೆಸರನ್ನು. 1964ರಲ್ಲಿ ಸ್ಥಾಪನೆಯಾದ ವಿಡಿಯಾ ಇಂಡಿಯಾ ಕಂಪನಿ ಬೆಂಗಳೂರಿನ ತುಮಕೂರು ರಸ್ತೆಯಲ್ಲಿ ಕಾರ್ಬೈಡ್ ತಯಾರಿಸುತ್ತಿತ್ತು. 2002ರಲ್ಲಿ ಅಮೆರಿಕದ ಕೆನ್ನಾಮೆಟಲ್ ವಿಡಿಯಾವನ್ನು ಕೊಂಡ ಮೇಲೆ ಹೆಸರು ಬದಲಾಯಿತು. ಪೀಣ್ಯದ ಎಷ್ಟೋ ಸಣ್ಣ ವರ್ಕ್‌ಶಾಪುಗಳ ಉಸ್ತಾದರ ಬಾಯಲ್ಲಿ ಆ ಹಳೆಯ ಹೆಸರು ಇನ್ನೂ ಉಳಿದಿದೆ.

ರಟ್ಟು ತಯಾರಿಸುವ ದೊಡ್ಡ ಸ್ವಯಂಚಾಲಿತ ಯಂತ್ರಗಳಲ್ಲಿ ಈಗ ಕಾರ್ಬೈಡಿನ ದುಂಡು ಬ್ಲೇಡುಗಳೇ. ಇನ್ನೂರರಿಂದ ಮುನ್ನೂರು ಮಿ.ಮೀ. ವ್ಯಾಸ, ದಪ್ಪ ಮಾತ್ರ ಒಂದು ಮಿ.ಮೀ.ಗಿಂತ ತುಸು ಹೆಚ್ಚು. ಇಲ್ಲಿ ಕತ್ತರಿಯ ಎರಡನೇ ಅಲಗು ಇಲ್ಲ. ಒಂದೇ ತೆಳು ಬ್ಲೇಡು ರಟ್ಟಿನೊಳಗೆ ತೂರಿಹೋಗುತ್ತದೆ. ಏಕೆ ಅಷ್ಟು ತೆಳು? ರಟ್ಟಿನ ಬಲವೆಲ್ಲ ಅದರೊಳಗಿನ ಅಲೆಯಲ್ಲಿದೆ. ಸಿ ಎಂಬ ಫ್ಲೂಟಿನ ಎತ್ತರ ಮೂರೂವರೆ ಮಿ.ಮೀ.ನಷ್ಟು, ಬಿ ಎಂಬುದರದ್ದು ಎರಡೂವರೆ. ಪೆಟ್ಟಿಗೆಯಲ್ಲಿ ಆ ಅಲೆಗಳು ಸಾಲು ಕಂಬಗಳಂತೆ ನಿಂತು ಮೇಲಿನ ಭಾರ ಹೊರುತ್ತವೆ. ದಪ್ಪ ಬ್ಲೇಡು, ಮೊಂಡು ಬ್ಲೇಡು ರಟ್ಟನ್ನು ಕತ್ತರಿಸುವ ಮೊದಲು ಅದುಮುತ್ತದೆ. ಅಂಚಿನ ಕಂಬಗಳು ಕುಸಿಯುತ್ತವೆ. ಪೆಟ್ಟಿಗೆ ನೋಡಲು ಚೆನ್ನಾಗಿಯೇ ಇರುತ್ತದೆ. ವಿಜಯಪುರದ ಒಣದ್ರಾಕ್ಷಿಯನ್ನೋ ಬೆಂಗಳೂರಿನ ಸಿದ್ಧ ಉಡುಪನ್ನೋ ತುಂಬಿ, ಗೋದಾಮಿನಲ್ಲಿ ಎಂಟು ಸಾಲು ಪೇರಿಸಿದ ಮೇಲೆ ಕೆಳಗಿನ ಪೆಟ್ಟಿಗೆ ಕುಕ್ಕರಿಸುತ್ತದೆ. ಗಿರಾಕಿ ಕಾಗದ ಕಳಪೆ ಎನ್ನುತ್ತಾನೆ, ಮಾಲೀಕ ಕಾಗದದ ಗಿರಣಿಯವನನ್ನು ಬೈಯುತ್ತಾನೆ. ಬ್ಲೇಡಿನ ಹೆಸರು ಯಾರೂ ಎತ್ತುವುದಿಲ್ಲ.

ಪೆಟ್ಟಿಗೆಯ ಮಾತು ಬಂದದ್ದರಿಂದ ಇನ್ನೊಂದು ವಿಷಯ. ಗೆರೆ ಬಿದ್ದ ಕಡೆ ಮಡಚಿ, ಸೀಳಿದ ಕಡೆ ಒಳಗೆ ತೂರಿಸಿ ಕ್ಷಣದಲ್ಲಿ ನಿಲ್ಲಿಸುವ ಪೆಟ್ಟಿಗೆ ಹುಟ್ಟಿದ್ದು ಒಂದು ಅವಘಡದಿಂದ. 1879ರಲ್ಲಿ ಅಮೆರಿಕದ ಬ್ರೂಕ್ಲಿನ್ನಿನಲ್ಲಿ ರಾಬರ್ಟ್ ಗೇರ್ ಎಂಬ ಮುದ್ರಕನ ಯಂತ್ರದಲ್ಲಿ, ಬೀಜದ ಚೀಲಗಳಿಗೆ ಮಡಿಕೆಯ ಗೆರೆ ಹಾಕಬೇಕಿದ್ದ ಲೋಹದ ಪಟ್ಟಿ ಜಾಗ ಬಿಟ್ಟು ಸರಿದು ಚೀಲಗಳನ್ನೇ ಕತ್ತರಿಸಿಬಿಟ್ಟಿತು. ಹಾಳಾದ ಚೀಲಗಳನ್ನು ನೋಡುತ್ತ ಅವನಿಗೆ ಹೊಳೆಯಿತು: ಪಟ್ಟಿಯ ಎತ್ತರವನ್ನು ಬೇಕೆಂದೇ ಹೆಚ್ಚುಕಡಿಮೆ ಮಾಡಿದರೆ ಒಂದೇ ಏಟಿಗೆ ಕೆಲವು ಕಡೆ ಕತ್ತರಿಸಬಹುದು, ಕೆಲವು ಕಡೆ ಗೆರೆ ಹಾಕಬಹುದು. ನಮ್ಮ ಸಣ್ಣ ಶೆಡ್ಡುಗಳ ರೋಟರಿ ಮೆಷಿನ್ನು ಇಂದಿಗೂ ಮಾಡುವುದು ಅದನ್ನೇ, ಚಕ್ರಗಳ ಮೂಲಕ. ಒಂದು ಶಾಫ್ಟಿನಲ್ಲಿ ಗೆರೆ ಹಾಕುವ ಮೊಂಡು ಚಕ್ರ, ಇನ್ನೊಂದರಲ್ಲಿ ಸೀಳುವ ಹರಿತ ಚಕ್ರ.

ಆ ಸಣ್ಣ ಶೆಡ್ಡಿಗೇ ಈಗ ಹೋಗೋಣ. ನಿಮ್ಮಲ್ಲಿ ಕೆಲವರು ಸೇರಲಿರುವುದು ಅಲ್ಲಿಗೆ. ಶೀಟುಗಳಿಗೆ ಗಂಜಿಯ ಅಂಟು ಹಚ್ಚಿ, ಒಂದರ ಮೇಲೊಂದು ಕೂಡಿಸಿ, ಒಣಗಲು ಬಿಟ್ಟು ರೋಟರಿಗೆ ಕೊಡುತ್ತಾರೆ. ಆರ್ಡರ್ ಅವಸರವಿದ್ದರೆ ಹಸಿ ಹಸಿಯಾಗಿಯೇ ಕೊಡುತ್ತಾರೆ. ಹಸಿ ರಟ್ಟು ಕತ್ತರಿಯಾಗುವುದಿಲ್ಲ, ಕೀಳುತ್ತದೆ. ಗಂಜಿ ಬ್ಲೇಡಿಗೆ ಮೆತ್ತಿಕೊಂಡು, ಬ್ಲೇಡು ಬಿಸಿಯಾಗಿ, ಗಟ್ಟಿ ಚಕ್ಕೆಯಾಗಿ ಕೂರುತ್ತದೆ. ಆ ಚಕ್ಕೆಯನ್ನು ತೆಗೆಯುವವರು ಯಾರು? ಹೆಲ್ಪರ್. ಯಾವಾಗ? ಯಂತ್ರ ಓಡುತ್ತಿರುವಾಗಲೇ. ನಿಲ್ಲಿಸಿದರೆ ಉತ್ಪಾದನೆ ನಿಲ್ಲುತ್ತದೆ ಎಂಬ ಭಯ. ಕೈಯಲ್ಲೊಂದು ಬಟ್ಟೆ ಚಿಂದಿ.

ನಾನು ಆಪರೇಟರ್ ಆಗಿದ್ದ ಒಂದು ಕಾರ್ಖಾನೆಯಲ್ಲಿ ಹತ್ತೊಂಬತ್ತು ವರ್ಷದ ಹುಡುಗನೊಬ್ಬ ಹೀಗೆಯೇ ಚಿಂದಿ ಹಿಡಿದು ಒರೆಸಲು ಹೋಗಿ ಬಲಗೈಯ ಎರಡು ಬೆರಳಿನ ತುದಿ ಕಳೆದುಕೊಂಡ. ಚಿಂದಿ ಸಿಕ್ಕಿತು, ಚಿಂದಿಯ ಹಿಂದೆ ಕೈ ಹೋಯಿತು. ರಕ್ಷಣೆಯ ಮುಚ್ಚಳ ಬಿಚ್ಚಿ ಮೂಲೆಯಲ್ಲಿಟ್ಟು ಬಹಳ ದಿನವಾಗಿತ್ತು. ಅವನ ಹೆಸರು ಹಾಜರಿ ಪುಸ್ತಕದಲ್ಲಿರಲಿಲ್ಲ, ಇಎಸ್‌ಐ ಕಾರ್ಡಿರಲಿಲ್ಲ. ಆಸ್ಪತ್ರೆಯ ಖರ್ಚಿಗೆ ಮಾಲೀಕರು ಸ್ವಲ್ಪ ಕೊಟ್ಟರು, ನಾವು ಕೆಲಸಗಾರರು ಸ್ವಲ್ಪ ಕೂಡಿಸಿದೆವು. ಮೂರು ತಿಂಗಳ ನಂತರ ಅವನು ಬೇರೆ ಕಡೆ ವಾಚ್‌ಮನ್ ಆಗಿ ಸೇರಿದ. ಅವನ ಅಕ್ಷರ ಬಹಳ ಚೆನ್ನಾಗಿತ್ತು. ಪೆಟ್ಟಿಗೆಗಳ ಮೇಲೆ ವಿಳಾಸ ಬರೆಯಲು ಎಲ್ಲರೂ ಅವನನ್ನೇ ಕರೆಯುತ್ತಿದ್ದರು.

ಹಾಗಾಗಿ ಕೆಲವು ಮಾತುಗಳನ್ನು ಬಿಡಿಸಿ ಹೇಳುತ್ತೇನೆ. ಸ್ವಿಚ್ ಆರಿಸಿದ ಕೂಡಲೇ ಬ್ಲೇಡು ನಿಲ್ಲುವುದಿಲ್ಲ. ಸದ್ದು ನಿಂತ ಮೇಲೂ ತನ್ನ ಭಾರಕ್ಕೆ ತಾನೇ ತಿರುಗುತ್ತಿರುತ್ತದೆ. ವೇಗವಾಗಿ ತಿರುಗುವ ನುಣುಪಾದ ಚಕ್ರ ನಿಂತಂತೆಯೇ ಕಾಣುವುದು ಅದರ ದೊಡ್ಡ ಮೋಸ. ಪೂರ್ತಿ ನಿಂತದ್ದನ್ನು ಕಂಡು, ಮೇನ್ ಸ್ವಿಚ್ ತೆಗೆದು, ಬೀಗವಿದ್ದರೆ ಬೀಗ ಹಾಕಿ, ಕೀಲಿ ನಿಮ್ಮ ಜೇಬಿನಲ್ಲೇ ಇರಲಿ. ಬ್ಲೇಡು ಬಿಚ್ಚುವಾಗ, ಜೋಡಿಸುವಾಗ, ಸಾಗಿಸುವಾಗ ಕೊಯ್ತ ತಡೆಯುವ ಕೈಗವಸು ಹಾಕಿ. ಯಂತ್ರ ಓಡುತ್ತಿರುವಾಗ ಮಾತ್ರ ಅದರ ಬಳಿ ಗವಸು ಬೇಡವೇ ಬೇಡ, ಏಕೆಂದರೆ ಚಿಂದಿಯಂತೆ ಗವಸೂ ಸಿಕ್ಕಿಕೊಳ್ಳುತ್ತದೆ. ಈ ವ್ಯತ್ಯಾಸ ಬಹಳ ಜನಕ್ಕೆ ಗೊತ್ತಿಲ್ಲ. ಬಿಚ್ಚಿದ ಬ್ಲೇಡನ್ನು ಬೆಂಚಿನ ಮೇಲೆ ಹಾಗೆಯೇ ಇಡಬೇಡಿ, ಕಂಕುಳಲ್ಲಿ ಹಿಡಿದು ಓಡಾಡಬೇಡಿ, ಪೆಟ್ಟಿಗೆಗೆ ಹಾಕಿ. ಕಾರ್ಬೈಡಾದರೆ ಇನ್ನೂ ಜೋಪಾನ. ಅದು ಗಟ್ಟಿಯಾದಷ್ಟೂ ಪೆಡಸು, ಕೆಳಗೆ ಬಿದ್ದರೆ ಗಾಜಿನಂತೆ ಚೂರಾಗುತ್ತದೆ.

ಕಾನೂನೂ ಇದನ್ನೇ ಹೇಳುತ್ತ ಬಂದಿದೆ. 1948ರ ಕಾರ್ಖಾನೆ ಕಾಯ್ದೆಯ 21ನೇ ಕಲಮು ಯಂತ್ರದ ಅಪಾಯದ ಭಾಗಗಳಿಗೆ ಭದ್ರವಾದ ತಡೆ ಇರಬೇಕೆಂದಿತ್ತು. ಓಡುವ ಯಂತ್ರದ ಭಾಗಗಳನ್ನು ಹೆಂಗಸರಿಂದಾಗಲಿ ಎಳೆಯರಿಂದಾಗಲಿ ಒರೆಸಿಸಬಾರದು, ಎಣ್ಣೆ ಹಾಕಿಸಬಾರದು ಎಂಬುದಕ್ಕೆ 22ನೇ ಕಲಮಿತ್ತು. 2025ರ ನವೆಂಬರ್ 21ರಿಂದ ಆ ಕಾಯ್ದೆಯ ಜಾಗಕ್ಕೆ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆ ಬಂದಿದೆ. ಕಾಯ್ದೆಯ ಹೆಸರು ಬದಲಾದರೂ ಮುಚ್ಚಳ ಮೂಲೆಯಲ್ಲಿದ್ದರೆ ಬೆರಳು ಉಳಿಯುವುದಿಲ್ಲ. ಕೆಲಸಕ್ಕೆ ಸೇರಿದ ದಿನವೇ ಇಎಸ್‌ಐ ನೋಂದಣಿ ಕೇಳಿ. ಕೇಳಿದರೆ ಮಾಲೀಕರು ಬೇಸರ ಮಾಡಿಕೊಳ್ಳುತ್ತಾರೆ ಎಂದು ಮನೆಯ ಹಿರಿಯರೇ ತಡೆಯುವುದುಂಟು. ಈ ಸಂಘದ ಹಿರಿಯರಲ್ಲಿ ನನ್ನ ಬಿನ್ನಹ ಇಲ್ಲೇ: ಹುಡುಗರನ್ನು ಕೆಲಸಕ್ಕೆ ಶಿಫಾರಸು ಮಾಡುವಾಗ ಸಂಬಳದ ಜೊತೆಗೆ ಇದನ್ನೂ ತಾವೇ ಕೇಳಿ. ನಮ್ಮಲ್ಲಿ ಮಾಲೀಕರೂ ಇದ್ದಾರೆ, ಅವರು ಬೇಸರಿಸಿಕೊಳ್ಳದಿರಲಿ. ಎಳೆಯ ಹುಡುಗ ಹೆದರಿ ಕೇಳದಿದ್ದುದನ್ನು ತಾವು ಕೇಳಿದರೆ ಉತ್ತರ ಬರುತ್ತದೆ.

ಸಾಣೆಯ ಕೆಲಸದ ಬಗ್ಗೆ ಎರಡು ಮಾತು. ಬೆಲೆಯುಳ್ಳ ಬ್ಲೇಡನ್ನು ಕಾರ್ಖಾನೆಯವರು ಎಸೆಯುವುದಿಲ್ಲ, ಮತ್ತೆ ಮತ್ತೆ ಸಾಣೆಗೆ ಕಳಿಸುತ್ತಾರೆ. ಪ್ರತಿ ಸಲ ವ್ಯಾಸದಲ್ಲಿ ಅರ್ಧ ಮಿ.ಮೀ. ತೆಗೆದರೆ 20 ಮಿ.ಮೀ. ಸವೆಯುವ ಹೊತ್ತಿಗೆ 40 ಸಲ ಸಾಣೆಯಾಗುತ್ತದೆ. ಅವಸರದವನು ಒಂದೂವರೆ ಮಿ.ಮೀ. ತೆಗೆದರೆ ಹದಿಮೂರು ಸಲಕ್ಕೇ ಬ್ಲೇಡು ಮುಗಿಯಿತು. ಇಲ್ಲಿ ಕೈಚಳಕಕ್ಕೆ ಬೆಲೆಯಿದೆ. ಉಕ್ಕಿನ ಬ್ಲೇಡನ್ನು ಒಣ ಕಲ್ಲಿಗೆ ಜೋರಾಗಿ ಒತ್ತಿದರೆ ಅಂಚು ನೀಲಿಗಟ್ಟುತ್ತದೆ. ನೀಲಿ ಬಂತೆಂದರೆ ಹದ ಹೋಯಿತು, ಆ ಅಂಚು ಒಂದು ಪಾಳಿಯೂ ನಿಲ್ಲುವುದಿಲ್ಲ. ಆದ್ದರಿಂದ ನೀರು ಹರಿಸುತ್ತ, ತೆಳ್ಳಗೆ ತೆಗೆಯಬೇಕು. ಬ್ಲೇಡು ಓಲಾಡದೆ ತಿರುಗುತ್ತದೆಯೇ ಎಂದು ಡಯಲ್ ಗೇಜಿನಲ್ಲಿ ನೋಡಬೇಕು. ಮಿಲಿಮೀಟರಿನ ನೂರರಲ್ಲಿ ಎರಡು ಮೂರು ಭಾಗದಷ್ಟು ಓಲಾಟಕ್ಕೇ ಕಾಗದ ದೂರು ಹೇಳಲು ಶುರುಮಾಡುತ್ತದೆ. ಕಾರ್ಬೈಡಿಗೆ ಸಾಮಾನ್ಯ ಕಲ್ಲು ನಡೆಯದು, ವಜ್ರದ ಪುಡಿ ಕೂಡಿಸಿದ ಚಕ್ರವೇ ಬೇಕು. ಅದರ ಧೂಳಿನಲ್ಲಿ ಕೋಬಾಲ್ಟ್ ಇರುತ್ತದೆ. ವರ್ಷಗಟ್ಟಲೆ ಉಸಿರಿನಲ್ಲಿ ಎಳೆದುಕೊಂಡವರಿಗೆ ಶ್ವಾಸಕೋಶ ಗಟ್ಟಿಯಾಗುವ ಕಾಯಿಲೆ ಬರುತ್ತದೆ. ಕರವಸ್ತ್ರ ಕಟ್ಟಿಕೊಂಡರೆ ಸಾಲದು. ನೀರು ಹರಿಯಬೇಕು, ಧೂಳು ಎಳೆಯುವ ಫ್ಯಾನು ಇರಬೇಕು, ಸರಿಯಾದ ಮಾಸ್ಕು ಬೇಕು. ಇದಕ್ಕೆ ಖರ್ಚು ಮಾಡದ ಅಂಗಡಿಯಲ್ಲಿ ಎಷ್ಟು ಕೂಲಿ ಕೊಟ್ಟರೂ ನಿಲ್ಲಬೇಡಿ.

ಇದನ್ನೆಲ್ಲ ಕಲಿಯುವುದು ಎಲ್ಲಿ? ಐಟಿಐಗಳಲ್ಲಿ ಟರ್ನರ್, ಮೆಷಿನಿಸ್ಟ್, ಫಿಟ್ಟರ್ ತರಬೇತಿ ಇದೆ. 1972ರಲ್ಲಿ ಡೆನ್ಮಾರ್ಕ್ ಸರ್ಕಾರದ ನೆರವಿನಿಂದ ಬೆಂಗಳೂರಿನಲ್ಲಿ ಶುರುವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಜಿಟಿಟಿಸಿ ಎಂದು ಕರೆಯುವುದು, ಈಗ ರಾಜ್ಯದ ಹಲವು ಊರುಗಳಲ್ಲಿದೆ. ಎಸ್ಸೆಸ್ಸೆಲ್ಸಿ ಆದವರಿಗೆ ಅಲ್ಲಿ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾ ಉಂಟು. ಅಲ್ಲಿ ಕಲಿತವನಿಗೆ ಬ್ಲೇಡು ಹೊಸದಲ್ಲ. ಹೆಲ್ಪರ್ ಆಗಿಯೇ ಸೇರಿದವರೂ ನಿರಾಶರಾಗಬೇಕಿಲ್ಲ. ಒಂದು ವರ್ನಿಯರ್ ಕ್ಯಾಲಿಪರ್, ಒಂದು ಫೀಲರ್ ಗೇಜ್, ಒಂದು ನೋಟುಪುಸ್ತಕ ಇಟ್ಟುಕೊಳ್ಳಿ. ಯಾವ ಬ್ಲೇಡು ಯಾವ ದಿನ ಕೂಡಿಸಿದ್ದು, ವ್ಯಾಸ ಎಷ್ಟು, ಓವರ್‌ಲ್ಯಾಪ್ ಎಷ್ಟು, ಎಷ್ಟು ಶೀಟು ಓಡಿತು, ಅಂಚು ಯಾವಾಗ ಒರಟಾಯಿತು, ಬರೆದಿಡಿ. ಮೊದಲ ಮೂರು ತಿಂಗಳು ಜೊತೆಯವರು ನಗುತ್ತಾರೆ. ಆರನೇ ತಿಂಗಳಲ್ಲಿ ಯಂತ್ರ ಕೆಟ್ಟಾಗ ಫೋರ್‌ಮನ್ ನಿಮ್ಮ ಪುಸ್ತಕ ಕೇಳುತ್ತಾನೆ. ನನ್ನ ಜೊತೆಗೆ ಹೆಲ್ಪರ್ ಆಗಿ ಬಂದ ಇಬ್ಬರು ಹೀಗೆ ಬರೆದೂ ಬರೆದೂ ಇವತ್ತು ಸ್ವಂತ ಸಾಣೆ ಅಂಗಡಿ ಇಟ್ಟಿದ್ದಾರೆ. ಒಬ್ಬರು ಏಳನೇ ತರಗತಿ ದಾಟಿದವರಲ್ಲ.

ಕಡೆಯದಾಗಿ, ಸವೆದು ಮುಗಿದ ಬ್ಲೇಡಿನ ಮಾತು. ಉಕ್ಕಿನದನ್ನೂ ಕಾರ್ಬೈಡಿನದನ್ನೂ ಒಂದೇ ರಾಶಿಗೆ ಹಾಕಿ ಕಬ್ಬಿಣದ ದರಕ್ಕೆ ಗುಜರಿಗೆ ಕೊಡುವುದನ್ನು ನಾನು ಈಗಲೂ ಕಾಣುತ್ತೇನೆ. ಕಾರ್ಬೈಡನ್ನು ಕರಗಿಸಿ ಟಂಗ್‌ಸ್ಟನ್, ಕೋಬಾಲ್ಟ್ ಮತ್ತೆ ತೆಗೆಯುತ್ತಾರೆ, ಅದಕ್ಕೆ ಕಬ್ಬಿಣಕ್ಕಿಂತ ಎಷ್ಟೋ ಪಾಲು ಹೆಚ್ಚು ಬೆಲೆ. ಗುರುತಿಸುವುದು ಸುಲಭ. ಒಂದೇ ಗಾತ್ರದ ಎರಡು ಚೂರುಗಳನ್ನು ಎರಡು ಕೈಯಲ್ಲಿ ಹಿಡಿಯಿರಿ, ಕಾರ್ಬೈಡು ಉಕ್ಕಿನ ಸುಮಾರು ಎರಡರಷ್ಟು ಭಾರವಿರುತ್ತದೆ. ಅಂಚಿಗೆ ದಪ್ಪ ರಟ್ಟು ಸುತ್ತಿ, ಟೇಪು ಹಚ್ಚಿ, ಬೇರೆ ಡಬ್ಬಿಯಲ್ಲಿ ಕೂಡಿಡಿ, ಬೇರೆಯಾಗಿಯೇ ತೂಗಿಸಿ. ಗುಜರಿಯ ರಾಶಿ ಕೆದಕುವವರೂ ನಮ್ಮ ಹುಡುಗರೇ, ಅವರ ಕೈಗೂ ಅದು ತಾಗಬಾರದು.